ಮಿಂಬರ್‌ನ ಮೂರು ಮೆಟ್ಟಿಲು: ಇಸ್ಲಾಮೀ ಇತಿಹಾಸದಲ್ಲಿ ಭಾಷಣ ಕಲೆ

ಗುರುವಾರ ಇಶಾ ನಮಾಝಿನ ಬಳಿಕ ನಮ್ಮ ನಾಡಿನ ಅನೇಕ ಮದ್ರಸಾಗಳಲ್ಲಿ ವಿದ್ಯಾರ್ಥಿಗಳ ಅಂಜುಮನ್ ಸೇರುತ್ತದೆ. ಹನ್ನೆರಡು ಹದಿಮೂರು ವಯಸ್ಸಿನ ಬಾಲಕನೊಬ್ಬ ಎದ್ದು ನಿಂತು, ಯಾರೋ ಬರೆದುಕೊಟ್ಟ ತಕ್ರೀರನ್ನು ಕಂಠಪಾಠ ಮಾಡಿ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಧ್ವನಿ ಏರಿದಷ್ಟೂ, ಕೈ ಬೀಸಿದಷ್ಟೂ ಮೆಚ್ಚುಗೆ ಹೆಚ್ಚು. ಮಗ ಒಳ್ಳೆಯ ಭಾಷಣಗಾರನಾಗಬೇಕೆಂಬ ಆಸೆ ತಂದೆತಾಯಿಗಳಲ್ಲಿ ಸಹಜವಾದುದು, ಅದು ತಪ್ಪಲ್ಲ. ಆದರೆ ಜನರ ಮುಂದೆ ನಿಂತು ಮಾತಾಡುವವನ ಮಾತಿಗೆ ತೂಕ ಬರುವುದು ಎಲ್ಲಿಂದ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಈ ಪ್ರಶ್ನೆಗೆ ನಮ್ಮ ಪೂರ್ವಿಕರ ಇತಿಹಾಸದಲ್ಲಿ ಸಾಕಷ್ಟು ಉತ್ತರಗಳಿವೆ. ಅವುಗಳಲ್ಲಿ ಕೆಲವು ನಾವು ನಿರೀಕ್ಷಿಸಿರದಂಥವು.

ಇಸ್ಲಾಮಿನ ಪೂರ್ವದ ಅರಬರಲ್ಲಿ ಖತೀಬನಿಗಿಂತ ಕವಿಗೆ ಹೆಚ್ಚಿನ ಸ್ಥಾನವಿತ್ತು. ಗೋತ್ರದ ಕೀರ್ತಿಯನ್ನು ಕಾಪಾಡುವವನು, ವೈರಿಯನ್ನು ಹೆದರಿಸುವವನು ಕವಿಯೇ ಆಗಿದ್ದನು. ಮುಂದೆ ಕವಿಗಳು ಹಣಕ್ಕಾಗಿ ಹೊಗಳತೊಡಗಿದಾಗ ಕವಿಯ ಬೆಲೆ ಇಳಿಯಿತು, ಖತೀಬನ ಬೆಲೆ ಏರಿತು ಎಂಬ ಹಳೆಯ ವಿದ್ವಾಂಸರ ಅಭಿಪ್ರಾಯವನ್ನು ಬಸ್ರಾದ ಲೇಖಕ ಅಲ್‌ಜಾಹಿಝ್ ದಾಖಲಿಸಿದ್ದಾರೆ. ಮಾರಾಟವಾಗುವ ಮಾತಿಗೆ ಮರ್ಯಾದೆ ಉಳಿಯದು ಎಂಬುದು ಆ ಕಾಲದ ಮರುಭೂಮಿಯ ಜನರಿಗೂ ತಿಳಿದಿತ್ತು.

ಇಂತಹ ಮಾತಿನ ಮಲ್ಲರ ನಡುವೆ ಪ್ರವಾದಿ ಮುಹಮ್ಮದ್(ಸ)ರು ಮಾತಾಡಿದ ರೀತಿ ಹೇಗಿತ್ತು? ಹದೀಸ್ ಗ್ರಂಥಗಳು ಈ ಬಗ್ಗೆ ಕೊಡುವ ವಿವರ ಬೆರಗು ಹುಟ್ಟಿಸುವಷ್ಟು ಸೂಕ್ಷ್ಮವಾಗಿದೆ. ಅವರು ಅವಸರವಸರವಾಗಿ ಮಾತನ್ನು ಸುರಿಯುತ್ತಿರಲಿಲ್ಲ. ಕೇಳುವವರು ಬಯಸಿದರೆ ಪದಗಳನ್ನು ಎಣಿಸಬಹುದಿತ್ತು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮುಖ್ಯವಾದ ಮಾತನ್ನು ಮೂರು ಬಾರಿ ಹೇಳುತ್ತಿದ್ದರು. ಹಾಗೆಂದು ಅದು ನಿರ್ಭಾವದ ಮಾತೂ ಆಗಿರಲಿಲ್ಲ. ಖುತ್ಬಾದಲ್ಲಿ ಅವರ ಕಣ್ಣುಗಳು ಕೆಂಪಾಗುತ್ತಿದ್ದುವು, ಧ್ವನಿ ಏರುತ್ತಿತ್ತು, ಶತ್ರುಸೇನೆ ಬಂತೆಂದು ಎಚ್ಚರಿಸುವವರಂತೆ ಕಾಣುತ್ತಿದ್ದರು ಎಂದು ಹಝ್ರತ್ ಜಾಬಿರ್(ರ) ವರ್ಣಿಸಿದ್ದಾರೆ. ವಿಷಯಕ್ಕೆ ತಕ್ಕಂತೆ ಧ್ವನಿ ಬರುತ್ತಿತ್ತೇ ಹೊರತು ಧ್ವನಿಗಾಗಿ ವಿಷಯವನ್ನು ಹುಡುಕುತ್ತಿರಲಿಲ್ಲ.

ಆರಂಭದಲ್ಲಿ ಮದೀನಾದ ಮಸೀದಿಯಲ್ಲಿ ಖರ್ಜೂರದ ಒಂದು ಕಾಂಡಕ್ಕೆ ಒರಗಿ ಅವರು ಖುತ್ಬಾ ನೀಡುತ್ತಿದ್ದರು. ಬಳಿಕ ಅನ್ಸಾರಿ ಮಹಿಳೆಯೊಬ್ಬರ ಬಡಗಿ ಸೇವಕನಿಂದ ಮೂರು ಮೆಟ್ಟಿಲುಗಳ ಮಿಂಬರ್ ಸಿದ್ಧವಾಯಿತು. ಅವರು ಅದನ್ನು ಏರಿದಾಗ ಹಳೆಯ ಕಾಂಡವು ಅತ್ತಿತೆಂದೂ, ಅವರು ಇಳಿದು ಬಂದು ಅದನ್ನು ಸಂತೈಸಿದರೆಂದೂ ವರದಿಯಾಗಿದೆ. ಮೂರೇ ಮೆಟ್ಟಿಲು ಎಂಬುದನ್ನು ಗಮನಿಸಬೇಕು. ಜನರಿಗೆ ಕಾಣಿಸುವಷ್ಟು ಎತ್ತರ. ಜನರಿಂದ ದೂರವಾಗುವಷ್ಟು ಅಲ್ಲ.

ಆ ಮೆಟ್ಟಿಲುಗಳಿಂದ ಅವರು ಖುತ್ಬಾದ ನಡುವೆಯೇ ಇಳಿದು ಬಂದ ಸಂದರ್ಭಗಳೂ ಇವೆ. ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್(ರ) ಕೆಂಪು ಅಂಗಿ ತೊಟ್ಟು ಎಡವುತ್ತಾ ನಡೆದು ಬರುವುದನ್ನು ಕಂಡು ಇಳಿದು, ಅವರನ್ನು ಎತ್ತಿಕೊಂಡು ಬಂದು ಮಾತು ಮುಂದುವರಿಸಿದರು. ಇನ್ನೊಮ್ಮೆ ಅಬೂ ರಿಫಾಅ(ರ) ಎಂಬ ಅಪರಿಚಿತರೊಬ್ಬರು ಬಂದು, ತನಗೆ ಧರ್ಮವೆಂದರೇನೆಂದು ತಿಳಿಯದು, ಕಲಿಯಲು ಬಂದಿದ್ದೇನೆ ಎಂದರು. ಪ್ರವಾದಿ(ಸ)ರು ಖುತ್ಬಾ ನಿಲ್ಲಿಸಿ ಅವರ ಬಳಿ ಬಂದರು. ಒಂದು ಕುರ್ಚಿ ತರಲಾಯಿತು. ಅದರಲ್ಲಿ ಕುಳಿತು ಅವರಿಗೆ ಕಲಿಸಿ, ಆನಂತರ ಹಿಂತಿರುಗಿ ಖುತ್ಬಾವನ್ನು ಪೂರ್ತಿಗೊಳಿಸಿದರು. ಒಂದು ಈದ್ ದಿನ ತಮ್ಮ ಮಾತು ಹಿಂದಿದ್ದ ಮಹಿಳೆಯರಿಗೆ ಕೇಳಿಸಿರಲಾರದೆಂದು ಅನಿಸಿದಾಗ, ಹಝ್ರತ್ ಬಿಲಾಲ್(ರ)ರನ್ನು ಕರೆದುಕೊಂಡು ಮಹಿಳೆಯರಿದ್ದಲ್ಲಿಗೇ ಹೋಗಿ ಮತ್ತೆ ಉಪದೇಶಿಸಿದರು. ಇಂದು ಧ್ವನಿವರ್ಧಕ ಕೆಟ್ಟು ಮಹಡಿಯ ಮೇಲಿನ ಮಹಿಳೆಯರಿಗೆ ಏನೂ ಕೇಳಿಸದಿದ್ದರೂ ಕೆಳಗೆ ಭಾಷಣ ನಿರಾತಂಕವಾಗಿ ಸಾಗುವುದನ್ನು ಕಂಡಾಗ ಈ ಹದೀಸ್ ನೆನಪಾಗದಿರದು. ಉಮ್ಮು ಹಿಶಾಮ್(ರ) ಎಂಬ ಸಹಾಬಿ ಮಹಿಳೆಯು ಕುರ್‌ಆನಿನ ‘ಕಾಫ್’ ಅಧ್ಯಾಯವನ್ನು ಪ್ರವಾದಿ(ಸ)ರ ಜುಮುಅ ಖುತ್ಬಾವನ್ನು ಕೇಳಿ ಕೇಳಿಯೇ ಕಂಠಪಾಠ ಮಾಡಿಕೊಂಡಿದ್ದರು. ಆ ಮಸೀದಿಯಲ್ಲಿ ಮಾತು ಎಲ್ಲಿಯವರೆಗೆ ತಲುಪುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಿ.ಶ. 10ರಲ್ಲಿ, ಅಂದರೆ ಕ್ರಿ.ಶ. 632ರಲ್ಲಿ, ಅರಫಾದ ಬಯಲಿನಲ್ಲಿ ಸೇರಿದ್ದುದು ಒಬ್ಬರ ಕಂಠಕ್ಕೆ ನಿಲುಕದ ಜನಸ್ತೋಮ. ಅಲ್ಲಿ ರಬೀಅ ಬಿನ್ ಉಮಯ್ಯಾ ಎಂಬವರು ಪ್ರವಾದಿ(ಸ)ರ ಒಂದೊಂದು ವಾಕ್ಯವನ್ನೂ ಕೇಳಿ ಗಟ್ಟಿ ಧ್ವನಿಯಲ್ಲಿ ಜನರಿಗೆ ಮುಟ್ಟಿಸುತ್ತಿದ್ದರೆಂದು ಇಬ್ನು ಇಸ್‌ಹಾಕ್ ಬರೆದಿದ್ದಾರೆ. ಮಾತು ನಿಲ್ಲಬೇಕು, ಇನ್ನೊಬ್ಬರು ಅದನ್ನು ದಾಟಿಸಬೇಕು, ಮತ್ತೆ ಮುಂದಿನ ಮಾತು ಬರಬೇಕು. ಹೀಗೆ ಹೇಳಬೇಕಾದರೆ ಪ್ರತಿ ವಾಕ್ಯವೂ ಚಿಕ್ಕದಾಗಿ, ತನ್ನಷ್ಟಕ್ಕೆ ಪೂರ್ಣವಾಗಿ ಇರಲೇಬೇಕಾಗುತ್ತದೆ.

ಕೇಳುಗರನ್ನು ಅರಿತು ಮಾತಾಡುವ ಈ ಪಾಠವನ್ನು ಸಹಾಬಿಗಳು ಬೇಗನೆ ಕಲಿತಿದ್ದರು. ಅಬಿಸೀನಿಯಾಕ್ಕೆ ವಲಸೆ ಹೋದ ಮುಸ್ಲಿಮರನ್ನು ಹಿಡಿದು ತರಲು ಕುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿದಾಗ, ದೊರೆ ನಜ್ಜಾಶಿಯ ಸಭೆಯಲ್ಲಿ ಎದ್ದು ಮಾತಾಡಿದವರು ಹಝ್ರತ್ ಜಅಫರ್(ರ). ಒಂದು ಮಾತು ತಪ್ಪಿದರೂ ಎಲ್ಲರೂ ಬೇಡಿ ತೊಟ್ಟು ಮಕ್ಕಾಕ್ಕೆ ಮರಳಬೇಕಿತ್ತು. ಅವರು ಮೊದಲು ತಮ್ಮ ಜನರ ಹಳೆಯ ಬದುಕಿನ ಕೊಳಕನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬಳಿಕ ಪ್ರವಾದಿ(ಸ)ರು ಕಲಿಸಿದ್ದೇನೆಂದು ಹೇಳಿದರು. ಕುರ್‌ಆನಿನಿಂದ ಏನಾದರೂ ಓದೆಂದು ಕ್ರೈಸ್ತ ದೊರೆ ಕೇಳಿದಾಗ ಅವರು ಆರಿಸಿಕೊಂಡದ್ದು ‘ಮರ್ಯಮ್’ ಅಧ್ಯಾಯದ ಆರಂಭವನ್ನು. ದೊರೆಯ ಗಡ್ಡ ಕಣ್ಣೀರಿನಿಂದ ತೊಯ್ದು ಹೋಯಿತು. ಕುರೈಶರ ಉಡುಗೊರೆಗಳು ಹಿಂದಕ್ಕೆ ಹೋದುವು.

ಪೂರ್ವಸಿದ್ಧತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಭಾಷಣ ಸಿದ್ಧಪಡಿಸಿಕೊಂಡು ಬರುವುದು ಪ್ರತಿಭೆಯ ಕೊರತೆಯೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಪ್ರವಾದಿ(ಸ)ರ ಮರಣಾನಂತರ ಸಖೀಫಾದಲ್ಲಿ ಸಭೆ ಸೇರಿದ ದಿನ ಹಝ್ರತ್ ಉಮರ್(ರ) ತಮಗೆ ತುಂಬ ಮೆಚ್ಚುಗೆಯಾದ ಒಂದು ಭಾಷಣವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಹೋಗಿದ್ದರು. ಮಾತು ಆರಂಭಿಸಬೇಕೆನ್ನುವಷ್ಟರಲ್ಲಿ ಹಝ್ರತ್ ಅಬೂಬಕರ್(ರ) ಅವರನ್ನು ತಡೆದು ತಾವೇ ಮಾತಾಡಿದರು. ತಾವು ಸಿದ್ಧಪಡಿಸಿದ್ದರಲ್ಲಿ ಮೆಚ್ಚಿಕೊಂಡಿದ್ದ ಒಂದು ಮಾತನ್ನೂ ಅವರು ಬಿಡಲಿಲ್ಲ, ನಿಂತಲ್ಲೇ ಅಷ್ಟೇ ಚೆನ್ನಾಗಿ ಅಥವಾ ಅದಕ್ಕಿಂತ ಚೆನ್ನಾಗಿ ಹೇಳಿದರು ಎಂದು ಉಮರ್(ರ) ತಾವೇ ಮುಂದೆ ಜನರಿಗೆ ತಿಳಿಸಿದರು. ಉಮರ್‌ರಂತಹ ಗಟ್ಟಿಗರು ಸಿದ್ಧತೆಯಿಲ್ಲದೆ ಸಭೆಗೆ ಹೋಗಲಿಲ್ಲ. ಇನ್ನೊಬ್ಬರ ಮಾತು ತಮ್ಮದಕ್ಕಿಂತ ಚೆನ್ನಾಗಿತ್ತೆಂದು ಹೇಳಲು ಹಿಂಜರಿಯಲೂ ಇಲ್ಲ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ಕೆಲಸ.

ಹಝ್ರತ್ ಉಸ್ಮಾನ್(ರ) ಖಲೀಫಾ ಆದ ಬಳಿಕ ಮೊದಲ ಬಾರಿ ಮಿಂಬರ್ ಏರಿದಾಗ ಮಾತು ಹೊರಡಲಿಲ್ಲವೆಂಬ ವರದಿಯಿದೆ. ಮೊದಲ ಸವಾರಿ ಯಾವಾಗಲೂ ಕಷ್ಟವೆಂದೂ, ಜನರಿಗೆ ಮಾತುಗಾರನಾದ ನಾಯಕನಿಗಿಂತ ನ್ಯಾಯವಂತನಾದ ನಾಯಕನ ಅಗತ್ಯ ಹೆಚ್ಚೆಂದೂ ಹೇಳಿ ಅವರು ಇಳಿದರಂತೆ. ಉಮಯ್ಯಾ ಖಲೀಫಾ ಅಬ್ದುಲ್ ಮಲಿಕ್‌ರನ್ನು, ನಿಮ್ಮ ಕೂದಲು ಇಷ್ಟು ಬೇಗ ನರೆಯಲು ಕಾರಣವೇನೆಂದು ಕೇಳಿದಾಗ, ಮಿಂಬರ್ ಏರುವುದು ಮತ್ತು ವ್ಯಾಕರಣ ತಪ್ಪೀತೆಂಬ ಭಯವೇ ಕಾರಣವೆಂದು ಉತ್ತರಿಸಿದರೆಂದು ಹೇಳುತ್ತಾರೆ. ವಿಶಾಲ ಸಾಮ್ರಾಜ್ಯವನ್ನು ಆಳುವ ಮನುಷ್ಯನಿಗೂ ಪ್ರತಿ ಶುಕ್ರವಾರ ಎದೆ ಹೊಡೆದುಕೊಳ್ಳುತ್ತಿತ್ತು. ವೇದಿಕೆಯಲ್ಲಿ ಕಾಲು ನಡುಗುವ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ನಾಲಿಗೆಯ ದೋಷವೂ ಇಲ್ಲಿ ಅಡ್ಡಿಯಾಗಲಿಲ್ಲ. ಪ್ರವಾದಿ ಮೂಸಾ(ಅ) ಫಿರ್‌ಔನನ ಬಳಿಗೆ ಹೊರಡುವ ಮುನ್ನ ಅಲ್ಲಾಹನಲ್ಲಿ ಬೇಡಿದ ಕ್ರಮವನ್ನು ಕುರ್‌ಆನಿನಲ್ಲಿ ನೋಡಿರಿ. ಮೊದಲು ಎದೆಯ ವೈಶಾಲ್ಯ, ಆಮೇಲೆ ಕಾರ್ಯದ ಸುಗಮತೆ, ಅದರ ನಂತರ ನಾಲಿಗೆಯ ಗಂಟು ಬಿಚ್ಚುವುದು. ಅದೂ ಜನರಿಗೆ ತಮ್ಮ ಮಾತು ಅರ್ಥವಾಗಲಿ ಎಂಬುದಕ್ಕಾಗಿ. ತಮಗಿಂತ ಸಹೋದರ ಹಾರೂನ್(ಅ) ಹೆಚ್ಚು ನಿರರ್ಗಳವಾಗಿ ಮಾತಾಡಬಲ್ಲರೆಂದು ಅವರನ್ನು ಜೊತೆಗೆ ಕೇಳಿಕೊಂಡರು. ಹಾಗಿದ್ದರೂ ಫಿರ್‌ಔನನನ್ನು ಎದುರಿಸಿ ಮಾತಾಡಿದವರು ಮೂಸಾ(ಅ)ರೇ.

ಬಸ್ರಾದ ವಾಸಿಲ್ ಬಿನ್ ಅತಾ ಅವರ ಕಥೆ ಇನ್ನೂ ವಿಚಿತ್ರವಾದುದು. ಮುಅತಝಿಲಾ ಪಂಥದ ಮೂಲಪುರುಷರಾದ ಅವರ ವಿಶ್ವಾಸಗಳನ್ನು ಅಹ್ಲುಸ್ಸುನ್ನದ ಉಲಮಾಗಳು ಒಪ್ಪಿಲ್ಲ. ಆದರೆ ಇಲ್ಲಿ ಪ್ರಸ್ತುತವಾಗಿರುವುದು ಅವರ ನಾಲಿಗೆ ಮಾತ್ರ. ಅವರಿಗೆ ‘ರಾ’ ಅಕ್ಷರ ಉಚ್ಚರಿಸಲು ಬರುತ್ತಿರಲಿಲ್ಲ. ಆಡಿದರೆ ಜನ ನಗುತ್ತಿದ್ದರು. ಆದುದರಿಂದ ಅವರು ಆ ಅಕ್ಷರವಿರುವ ಪದಗಳನ್ನೇ ತಮ್ಮ ಮಾತಿನಿಂದ ಹೊರಗಿಟ್ಟರು. ಗೋಧಿಗೆ ‘ಬುರ್‌ರ್’ ಎಂಬ ಸೊಗಸಾದ ಪದವಿದ್ದರೂ ‘ಕಮ್‌ಹ್’ ಎನ್ನುತ್ತಿದ್ದರು. ಮಳೆಗೆ ‘ಮತರ್’ ಬಿಟ್ಟು ‘ಗೈಸ್’ ಎನ್ನುತ್ತಿದ್ದರು. ಕನ್ನಡದಲ್ಲಿ ಇದನ್ನು ಮಾಡಿ ನೋಡಿದರೆ ಕಷ್ಟ ತಿಳಿಯುತ್ತದೆ. ‘ರ’ಕಾರವಿಲ್ಲದೆ ದೇವರು, ಪ್ರವಾದಿ, ಪ್ರಾರ್ಥನೆ, ಪರಲೋಕ, ಸ್ವರ್ಗ, ನರಕ ಯಾವುದೂ ಇಲ್ಲ, ಧಾರ್ಮಿಕ ಭಾಷಣವನ್ನು ಆರಂಭಿಸುವುದೇ ಅಸಾಧ್ಯ. ಅರಬಿಯಲ್ಲೂ ಹಾಗೆಯೇ: ರಬ್ಬ್, ರಹ್ಮಾನ್, ರಸೂಲ್, ಕುರ್‌ಆನ್, ಆಖಿರತ್ ಎಲ್ಲದರಲ್ಲೂ ಆ ಅಕ್ಷರವಿದೆ. ಆದರೂ ಇರಾಕಿನ ರಾಜ್ಯಪಾಲನ ಮುಂದೆ ಹೆಸರಾಂತ ಖತೀಬರು ಮಾತಾಡಿ ಮುಗಿಸಿದ ಮೇಲೆ ವಾಸಿಲ್ ಎದ್ದು ನಿಂತು, ಒಂದು ‘ರಾ’ ಕೂಡ ಇಲ್ಲದ ಖುತ್ಬಾವನ್ನು ನಿಂತಲ್ಲೇ ನೀಡಿದರು. ಕೊನೆಯಲ್ಲಿ ಅವರು ಓದಿದ್ದು ‘ಇಖ್ಲಾಸ್’ ಅಧ್ಯಾಯವನ್ನು. ಆ ಅಧ್ಯಾಯವನ್ನು ಕಂಠಪಾಠವಾಗಿ ಬಲ್ಲ ಮನೆಯ ಮಕ್ಕಳಿಗೆ ಅದರಲ್ಲಿ ‘ರಾ’ ಇದೆಯೇ ಎಂದು ಹುಡುಕಲು ಹೇಳಬಹುದು.

ಇದೇ ಬಸ್ರಾ ನಗರದ ಅಲ್‌ಜಾಹಿಝ್ ಮಾತಿನ ಕಲೆಯ ಬಗ್ಗೆ ‘ಅಲ್‌ಬಯಾನ್ ವತ್ತಬ್‌ಯೀನ್’ ಎಂಬ ದೊಡ್ಡ ಗ್ರಂಥವನ್ನೇ ಬರೆದರು. ಭಾಷಣಗಾರನ ದೋಷಗಳನ್ನು ಅವರ ಕಾಲದವರು ಎಷ್ಟು ಚೆನ್ನಾಗಿ ಗುರುತಿಸಿದ್ದರೆಂದರೆ, ಏದುಸಿರು ಬಿಡುವುದು, ಅತ್ತಿತ್ತ ನೋಡುವುದು, ಸುಮ್ಮನೆ ಕೆಮ್ಮುವುದು, ಗಡ್ಡ ನೇವರಿಸುವುದು, ಬೆರಳು ತಿರುಚುವುದು ಎಲ್ಲವೂ ಅದರಲ್ಲಿ ಬರುತ್ತದೆ. ಸಾವಿರದ ನೂರು ವರ್ಷಗಳಲ್ಲಿ ಮನುಷ್ಯ ಬದಲಾಗಿಲ್ಲ. ಕೂಫಾದ ಪ್ರಸಿದ್ಧ ಉಪದೇಶಕ ಇಬ್ನು ಸ್ಸಮ್ಮಾಕ್ ಒಮ್ಮೆ ತಮ್ಮ ಮನೆಯ ದಾಸಿಯನ್ನು ತನ್ನ ಮಾತು ಹೇಗಿತ್ತೆಂದು ಕೇಳಿದ ಪ್ರಸಂಗವೂ ಅದರಲ್ಲಿದೆ. ಚೆನ್ನಾಗಿತ್ತು, ಆದರೆ ಹೇಳಿದ್ದನ್ನೇ ಹೇಳುತ್ತೀರಿ ಎಂದಳು ಆಕೆ. ಅರ್ಥವಾಗದವರಿಗೆ ಅರ್ಥವಾಗಲೆಂದು ಹಾಗೆ ಮಾಡುತ್ತೇನೆ ಎಂದರು ಅವರು. ಅರ್ಥವಾಗದವರಿಗೆ ಅರ್ಥವಾಗುವಷ್ಟರಲ್ಲಿ ಅರ್ಥವಾದವರಿಗೆ ಬೇಸರ ಬಂದಿರುತ್ತದೆ ಎಂಬುದು ಆಕೆಯ ಉತ್ತರ. ಈ ಬೇಸರದ ಭಯ ಸಹಾಬಿಗಳಿಗೂ ಇತ್ತು. ಹಝ್ರತ್ ಇಬ್ನು ಮಸ್‌ಊದ್(ರ) ಗುರುವಾರ ಮಾತ್ರ ಉಪದೇಶಿಸುತ್ತಿದ್ದರು. ದಿನವೂ ಹೇಳಿರೆಂದು ಜನರು ಕೇಳಿಕೊಂಡಾಗ, ನಿಮಗೆ ಬೇಸರ ತರಿಸಲು ಇಷ್ಟವಿಲ್ಲ, ಪ್ರವಾದಿ(ಸ)ರೂ ನಮ್ಮೊಡನೆ ಹಾಗೆಯೇ ನಡೆದುಕೊಂಡಿದ್ದರು ಎಂದು ನಿರಾಕರಿಸಿದರು. ಹಝ್ರತ್ ಅಮ್ಮಾರ್(ರ) ಚಿಕ್ಕ ಖುತ್ಬಾ ನೀಡಿ ಇಳಿದಾಗ, ಇನ್ನಷ್ಟು ಹೇಳಬಾರದಿತ್ತೇ ಎಂದು ಜನ ಆಸೆಪಟ್ಟರು. ನಮಾಝ್ ದೀರ್ಘವಾಗಿ, ಖುತ್ಬಾ ಚಿಕ್ಕದಾಗಿ ಇರುವುದು ವ್ಯಕ್ತಿಯ ತಿಳುವಳಿಕೆಯ ಕುರುಹೆಂದು ಪ್ರವಾದಿ(ಸ)ರು ಹೇಳಿರುವುದನ್ನು ಅವರು ನೆನಪಿಸಿದರು. ನಮ್ಮಲ್ಲಿ ಬಹಳ ಕಡೆ ಇದು ತಲೆಕೆಳಗಾಗಿದೆ.

ಸಭೆಯನ್ನು ಹಿಡಿದಿಡುವ ಶಕ್ತಿ ಇದ್ದ ಮಾತ್ರಕ್ಕೆ ಅದು ಒಳ್ಳೆಯದೆಂದೇನಿಲ್ಲ. ಹಿ.ಶ. 75ರಲ್ಲಿ ಹಜ್ಜಾಜ್ ಬಿನ್ ಯೂಸುಫ್ ಕೂಫಾದ ಮಸೀದಿಗೆ ಬಂದು, ಪೇಟದಿಂದ ಮುಖ ಮುಚ್ಚಿಕೊಂಡು, ಮಿಂಬರ್ ಮೇಲೆ ಬಹಳ ಹೊತ್ತು ಮೌನವಾಗಿ ಕುಳಿತನು. ಹೊಸ ರಾಜ್ಯಪಾಲನಿಗೆ ಮಾತೇ ಬಾರದೆಂದು ಭಾವಿಸಿದ ಒಬ್ಬನು ಎಸೆಯಲು ಕಲ್ಲಿನ ಹರಳುಗಳನ್ನು ಕೈಗೆತ್ತಿಕೊಂಡನು. ಹಜ್ಜಾಜ್ ಮುಖ ತೋರಿಸಿ ಮಾತಾಡತೊಡಗಿದಾಗ ಆ ಹರಳುಗಳು ಅವನಿಗೆ ಅರಿವಿಲ್ಲದಂತೆ ಕೈಯಿಂದ ಉದುರಿದುವು. ಮೌನದ ಬಳಕೆ, ಧ್ವನಿಯ ಹಿಡಿತ, ಭಾಷೆಯ ಬಿಗಿ, ಎಲ್ಲವೂ ಅಲ್ಲಿದ್ದುವು. ಅರಬಿ ಸಾಹಿತ್ಯದ ವಿದ್ಯಾರ್ಥಿಗಳು ಇಂದಿಗೂ ಆ ಭಾಷಣವನ್ನು ಓದುತ್ತಾರೆ. ಆದರೆ ಅಂದು ಕೇಳಿದವರು ಅಲ್ಲಿಂದ ಕೊಂಡುಹೋದುದು ಕತ್ತಿಯ ಭಯವನ್ನು ಮಾತ್ರ.

ಕಣ್ಣೀರನ್ನು ಬಂಡವಾಳ ಮಾಡಿಕೊಂಡವರೂ ಇದ್ದರು. ಬಗ್ದಾದಿನ ಇಮಾಮ್ ಇಬ್ನುಲ್ ಜೌಝಿ ಕಥೆಗಾರ ಉಪದೇಶಕರ ಬಗ್ಗೆ ಬರೆದ ಗ್ರಂಥದಲ್ಲಿ ಇಂಥವರ ತಂತ್ರಗಳನ್ನು ಬಯಲು ಮಾಡಿದ್ದಾರೆ: ಮುಖ ಬಿಳಿಚಿಕೊಂಡಂತೆ ಕಾಣಿಸಲು ಲೇಪನ ಹಚ್ಚುವವರು, ಹುಸಿ ಅಳು ಅಳುವವರು, ಆಧಾರವಿಲ್ಲದ ಹದೀಸ್‌ಗಳನ್ನು ಕಟ್ಟಿ ಹೇಳುವವರು. ಹೀಗೆ ಬರೆದ ವ್ಯಕ್ತಿಯೇ ತಮ್ಮ ಕಾಲದ ಅತ್ಯಂತ ಪ್ರಭಾವಶಾಲಿ ಉಪದೇಶಕರೂ ಆಗಿದ್ದರು ಎಂಬುದು ವಿಶೇಷ. ಕ್ರಿ.ಶ. 1184ರಲ್ಲಿ ಪ್ರವಾಸಿ ಇಬ್ನು ಜುಬೈರ್ ಬಗ್ದಾದಿನಲ್ಲಿ ಅವರ ಸಭೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಖಾರಿಗಳು ಸರದಿಯಂತೆ ಬೇರೆ ಬೇರೆ ಆಯತ್‌ಗಳನ್ನು ಓದುತ್ತಿದ್ದರು. ಅವರು ಮುಗಿಸಿದ ಮೇಲೆ ಇಬ್ನುಲ್ ಜೌಝಿ ಎದ್ದು, ಅದೇ ಆಯತ್‌ಗಳನ್ನು ಅದೇ ಕ್ರಮದಲ್ಲಿ ಪೋಣಿಸಿ ಖುತ್ಬಾ ಹೆಣೆಯುತ್ತಿದ್ದರು. ಜನರು ಚೀಟಿಗಳಲ್ಲಿ ಪ್ರಶ್ನೆ ಬರೆದು ಕಳುಹಿಸುತ್ತಿದ್ದರು. ತಡವಿಲ್ಲದೆ ಉತ್ತರ ಬರುತ್ತಿತ್ತು. ಅರಮನೆಯ ಆವರಣದ ಸಭೆಯನ್ನು ಖಲೀಫಾ ಮತ್ತು ಅವರ ತಾಯಿ ಮೇಲಿನಿಂದ ಕುಳಿತು ಕೇಳುತ್ತಿದ್ದರು. ಅಷ್ಟು ಆಯತ್‌ಗಳು ಆ ಕ್ಷಣಕ್ಕೆ ನಾಲಿಗೆಗೆ ಒದಗಬೇಕಾದರೆ ಅದರ ಹಿಂದೆ ಎಷ್ಟು ವರ್ಷಗಳ ಓದು ಇರಬೇಕೆಂದು ಊಹಿಸಿಕೊಳ್ಳಬೇಕು.

ಇಬ್ನು ಜುಬೈರ್ ಬಂದುದು ಅಂದಲೂಸಿನಿಂದ, ಅಂದರೆ ಇಂದಿನ ಸ್ಪೇನಿನಿಂದ. ಅವರಿಗಿಂತ ಎರಡು ಶತಮಾನಗಳಿಗೂ ಹಿಂದೆ ಅದೇ ನಾಡಿನ ರಾಜಧಾನಿ ಕುರ್ತುಬಾದಲ್ಲಿ ನಡೆದ ಒಂದು ಘಟನೆ, ಓದು ಮಾತ್ರ ಸಾಲದು ಎಂಬುದನ್ನೂ ತೋರಿಸುತ್ತದೆ. ಕ್ರಿ.ಶ. ಹತ್ತನೇ ಶತಮಾನದ ನಡುಭಾಗದಲ್ಲಿ ಖಲೀಫಾ ಮೂರನೇ ಅಬ್ದುರ್ರಹ್ಮಾನ್ ನಾಸಿರ್‌ರ ಆಸ್ಥಾನಕ್ಕೆ ಕಾನ್‌ಸ್ಟಾಂಟಿನೋಪಲ್ ಚಕ್ರವರ್ತಿಯ ರಾಯಭಾರಿಗಳು ಬಂದರು. ಸಿಂಹಾಸನದ ಸುತ್ತ ಮಂತ್ರಿಗಳು, ಸೇನಾಧಿಪತಿಗಳು ತುಂಬಿದ್ದರು. ಆ ಸಂದರ್ಭಕ್ಕೆ ತಕ್ಕ ಭಾಷಣವೊಂದು ಬೇಕಿತ್ತು. ಮೊದಲು ಎದ್ದ ವಿದ್ವಾಂಸರೊಬ್ಬರು ಆ ವೈಭವವನ್ನು ಕಂಡು ದಿಗಿಲುಗೊಂಡು ಒಂದು ಮಾತನ್ನೂ ಆಡಲಾಗದೆ ಕುಸಿದರು. ಆಗ ಅಬೂ ಅಲೀ ಅಲ್‌ಕಾಲೀ ಅವರನ್ನು ಕೋರಲಾಯಿತು. ಬಗ್ದಾದಿನಲ್ಲಿ ಕಲಿತು ಬಂದ ಅವರು ಅರಬಿ ಭಾಷೆಯ ಮಹಾಪಂಡಿತರು. ಪದಗಳ ಅರ್ಥ ಕೇಳಲು ಅಂದಲೂಸಿನ ವಿದ್ವಾಂಸರೇ ಅವರ ಬಳಿಗೆ ಬರುತ್ತಿದ್ದರು. ಅವರು ಎದ್ದರು, ಅಲ್ಲಾಹನನ್ನು ಸ್ತುತಿಸಿದರು, ಪ್ರವಾದಿ(ಸ)ರ ಮೇಲೆ ಸಲಾತ್ ಹೇಳಿದರು. ಅಲ್ಲಿಗೆ ಮಾತು ನಿಂತಿತು. ಪದಗಳ ಭಂಡಾರವೇ ಆಗಿದ್ದ ಮನುಷ್ಯನಿಗೆ ಒಂದು ಪದವೂ ಸಿಗಲಿಲ್ಲ.

ಸಭೆಯಲ್ಲಿದ್ದ ಮುಂಝಿರ್ ಬಿನ್ ಸಈದ್ ಅಲ್‌ಬಲ್ಲೂತೀ ಇದನ್ನು ನೋಡಿದರು. ಅವರು ಎದ್ದು ಬಂದು, ಅಲ್‌ಕಾಲೀ ನಿಂತಿದ್ದುದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಅವರು ಬಿಟ್ಟ ಜಾಗದಿಂದಲೇ ಮಾತನ್ನು ಎತ್ತಿಕೊಂಡರು. ಕೇಳುವವರಿಗೆ ಎಳೆ ಕಡಿದಂತೆ ತೋರಲಿಲ್ಲ. ಒಳಜಗಳಗಳಿಂದ ಬೆಂದಿದ್ದ ನಾಡಿಗೆ ಒಗ್ಗಟ್ಟು ಮರಳಿ ಬಂದುದನ್ನು ಅವರು ವಿವರಿಸಿ ಹೇಳಿದರು. ಭಾಷಣ ಮುಗಿದಾಗ ಸಭೆ ಬೆರಗಾಗಿತ್ತು. ಇಂತಹ ಎಡವಟ್ಟು ಆದೀತೆಂದು ಮೊದಲೇ ಯೋಚಿಸಿ ಸಿದ್ಧಪಡಿಸಿಕೊಂಡು ಬಂದಿದ್ದರೆ ಅದು ಮೆಚ್ಚತಕ್ಕದ್ದು, ನಿಂತಲ್ಲೇ ಹೇಳಿದ್ದರೆ ಇನ್ನಷ್ಟು ಮೆಚ್ಚತಕ್ಕದ್ದು ಎಂದು ಖಲೀಫಾ ಮಗ ಹಕಮ್‌ನೊಡನೆ ಹೇಳಿದರಂತೆ. ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಆ ಒಂದು ಕೆಳಗಿನ ಮೆಟ್ಟಿಲಿನ ಮೇಲೆ. ಸೋತ ವಿದ್ವಾಂಸರನ್ನು ಪಕ್ಕಕ್ಕೆ ಸರಿಸಿ ಆರಂಭದಿಂದ ತನ್ನದೇ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಲು ಅವರಿಗೆ ಎಲ್ಲ ಅವಕಾಶವಿತ್ತು.

ಆ ದಿನದ ಮಾತು ಮುಂಝಿರ್‌ರಿಗೆ ಪದವಿಗಳನ್ನು ತಂದಿತು. ಮುಂದೆ ಅವರು ಕುರ್ತುಬಾದ ಕಾಝಿಯಾದರು. ಖಲೀಫಾ ಆಗ ನಗರದ ಹೊರಗೆ ಮದೀನತು ಝ್ಝಹ್ರಾ ಎಂಬ ಅರಮನೆಯ ನಗರವನ್ನು ಕಟ್ಟಿಸುತ್ತಿದ್ದರು. ಆ ಗದ್ದಲದಲ್ಲಿ ಮೂರು ಜುಮುಅಗಳಿಗೆ ಅವರು ಬರಲಿಲ್ಲ. ಮರಳಿ ಬಂದ ಶುಕ್ರವಾರ ಮಿಂಬರ್ ಮೇಲೆ ಮುಂಝಿರ್ ಇದ್ದರು. ಎತ್ತರ ಎತ್ತರದಲ್ಲಿ ವ್ಯರ್ಥ ಕಟ್ಟಡಗಳನ್ನು ಕಟ್ಟಿದ ಆದ್ ಜನಾಂಗಕ್ಕೆ ಪ್ರವಾದಿ ಹೂದ್(ಅ) ನೀಡಿದ ಎಚ್ಚರಿಕೆಯ ಆಯತ್‌ಗಳಿಂದ ಅವರು ಆರಂಭಿಸಿದರು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜನರು ಅತ್ತರು. ಖಲೀಫಾ ಕೂಡ ಅತ್ತರು. ಆದರೆ ಮನೆಗೆ ಹೋದ ಮೇಲೆ ಕೋಪ ಬಂತು. ಇನ್ನು ಮುಂಝಿರ್ ಹಿಂದೆ ಜುಮುಅ ನಮಾಝ್ ಮಾಡುವುದಿಲ್ಲವೆಂದು ಆಣೆ ಹಾಕಿದರು.

ಹಾಗಾದರೆ ಅವರನ್ನು ತೆಗೆದು ಬೇರೊಬ್ಬರನ್ನು ನೇಮಿಸಬಾರದೇಕೆ ಎಂದು ಹಕಮ್ ಕೇಳಿದಾಗ ಖಲೀಫಾ ಮಗನನ್ನೇ ಗದರಿದರು. ಮುಂಝಿರ್‌ರಂತಹ ಮನುಷ್ಯನನ್ನು ನನ್ನ ಮನಸ್ಸಿನ ಸಮಾಧಾನಕ್ಕಾಗಿ ತೆಗೆಯುವುದೇ, ಅಲ್ಲಾಹನ ಮುಂದೆ ನನಗೆ ನಾಚಿಕೆಯಾಗದೇ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಆಣೆಯಿಂದಾಗಿ ಖಲೀಫಾ ಬೇರೆಡೆ ನಮಾಝಿಗೆ ಹೋಗುತ್ತಿದ್ದರು. ಮುಂಝಿರ್ ತಮ್ಮ ಮಿಂಬರ್‌ನಲ್ಲೇ ಇದ್ದರು. ಕ್ರಿ.ಶ. 961ರಲ್ಲಿ ಅಬ್ದುರ್ರಹ್ಮಾನ್ ತೀರಿಕೊಂಡು ಹಕಮ್ ಖಲೀಫಾ ಆದಾಗಲೂ ಕುರ್ತುಬಾದ ಕಾಝಿ ಅವರೇ. 966ರಲ್ಲಿ ಮರಣ ಹೊಂದುವ ತನಕವೂ ಆ ಸ್ಥಾನದಲ್ಲಿ ಅವರೇ ಇದ್ದರು.